ಪ್ಯಾಚ್ ತೆಗೆದು ಒಮ್ಮೆ ಟೆಸ್ಟ್ ಓಡಿಸಿದ್ರಾ?

ನಾನು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟ್ ಒಂದಕ್ಕೆ ಕಳಿಸಿದ ಮೊದಲ ಪ್ಯಾಚ್, ಅಂದರೆ ಕೋಡ್‌ಗೆ ತಿದ್ದುಪಡಿ, ಎರಡೇ ಎರಡು ಸಾಲಿನದು. ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಮಾಹಿತಿಯ ಸಾಲುಗಳು) ಓದುವ ಒಂದು ಸಣ್ಣ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್. ಫೈಲಿನ ಕೊನೆಯಲ್ಲಿ ಎಂಟರ್ ಒತ್ತದೆ ಸೇವ್ ಮಾಡಿದ್ದರೆ ಅದು ಕೊನೆಯ ಸಾಲನ್ನು ಸದ್ದಿಲ್ಲದೆ ನುಂಗಿಬಿಡುತ್ತಿತ್ತು. ನೂರು ಸಾಲು ಕೊಟ್ಟರೆ ತೊಂಬತ್ತೊಂಬತ್ತು ವಾಪಸ್. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಅರ್ಧ ದಿನ ತಲೆ ಕೆರೆದುಕೊಂಡು ಕಾರಣ ಹುಡುಕಿದೆ. ಸಾಲು ಸಾಲಾಗಿ ಓದುವ ಲೂಪ್ ಮುಗಿದ ಮೇಲೆ ಬಫರ್‌ನಲ್ಲಿ (ಓದಿದ್ದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಜಾಗದಲ್ಲಿ) ಉಳಿದದ್ದನ್ನು ಯಾರೂ ಕೇಳುವವರಿರಲಿಲ್ಲ, ಅಷ್ಟೇ. ಎರಡು ಸಾಲು ಸೇರಿಸಿದೆ, ನನ್ನ ಫೈಲನ್ನು ಸರಿಯಾಗಿ ಓದಿತು, ಇದನ್ನು ಸೇರಿಸಿಕೊಳ್ಳಿ ಅಂತ ಕೇಳುವ ಪುಲ್ ರಿಕ್ವೆಸ್ಟ್ ಕಳಿಸಿದೆ. ಸಂಜೆಯೊಳಗೆ ಮರ್ಜ್ ಆಗಿ ಮೂಲ ಕೋಡ್‌ಗೆ ಸೇರುತ್ತದೆ, ಯಾರಾದರೂ ಒಂದು ಥ್ಯಾಂಕ್ಸ್ ಹೇಳುತ್ತಾರೆ ಅಂತ ಲೆಕ್ಕ ಹಾಕಿದ್ದೆ.

ಹಿಡಿದದ್ದು ಮೂರು ವಾರ.

ಮೊದಲ ಉತ್ತರ ಬಂದದ್ದು ನಾಲ್ಕನೇ ದಿನ, ಮೇಂಟೇನರ್ ಕಡೆಯಿಂದ, ಅಂದರೆ ಆ ಪ್ರಾಜೆಕ್ಟ್ ನೋಡಿಕೊಳ್ಳುವವರಿಂದ. "ಚೆನ್ನಾಗಿದೆ, ಇದಕ್ಕೊಂದು ಟೆಸ್ಟ್ ಸೇರಿಸ್ತೀರಾ?" ಎರಡು ಸಾಲಿಗೆ ಟೆಸ್ಟ್ ಬೇರೆ ಕೇಡು ಅಂದುಕೊಂಡೇ ಬರೆದೆ. ಮೂರು ಸಾಲಿನ ಒಂದು ಫೈಲ್ ಮಾಡಿದೆ, ಕೊನೆಗೆ ಎಂಟರ್ ಒತ್ತಲಿಲ್ಲ, ಅದನ್ನು ಓದಿಸಿ ಮೂರು ಸಾಲು ಬಂತಾ ಅಂತ ಎಣಿಸುವ ಟೆಸ್ಟ್ ಬರೆದೆ. ಪಾಸ್. ಹಸಿರು ಟಿಕ್ ಬಿತ್ತು. ಎರಡು ದಿನ ಬಿಟ್ಟು ಅದೇ ಮೇಂಟೇನರ್ ಒಂದೇ ಸಾಲು ಬರೆದರು: "ನಿಮ್ಮ ಪ್ಯಾಚ್ ತೆಗೆದು ಒಮ್ಮೆ ಟೆಸ್ಟ್ ಓಡಿಸಿದ್ರಾ?"

ಓಡಿಸಿರಲಿಲ್ಲ. ಯಾಕೆ ಓಡಿಸಬೇಕು? ಸಿಟ್ಟಿನಲ್ಲೇ ಎರಡು ಸಾಲು ತೆಗೆದು ಓಡಿಸಿದೆ. ಪಾಸ್ ಆಯಿತು. ಇನ್ನೊಮ್ಮೆ ಓಡಿಸಿದೆ. ಮತ್ತೆ ಪಾಸ್. ಬಗ್ ಹಾಗೇ ಕೂತಿದೆ, ನನ್ನ ಟೆಸ್ಟ್ ಮಾತ್ರ ಎಲ್ಲ ಸರಿಯಾಗಿದೆ ಅನ್ನುತ್ತಿದೆ. ಕೊನೆಗೆ ಫೈಲನ್ನು ಬೈಟ್ ಬೈಟ್ ಆಗಿ ತೆರೆದು ನೋಡಿದಾಗ ಗುಟ್ಟು ಗೊತ್ತಾಯಿತು. ನಾನು ಎಂಟರ್ ಒತ್ತಿರಲಿಲ್ಲ ನಿಜ, ಆದರೆ ನನ್ನ ಎಡಿಟರ್ ಸೇವ್ ಮಾಡುವಾಗ ತಾನೇ ಫೈಲಿನ ಕೊನೆಗೆ ಹೊಸ ಸಾಲಿನ ಗುರುತು ಸೇರಿಸುತ್ತಿತ್ತು. ಬಗ್ ಬರಲು ಏನು ಬೇಕೋ ಅದೇ ನನ್ನ ಟೆಸ್ಟ್ ಫೈಲಿನಲ್ಲಿ ಇರಲಿಲ್ಲ. ಫೈಲ್ ಬಿಟ್ಟು, ಡೇಟಾವನ್ನು ಟೆಸ್ಟ್ ಕೋಡ್‌ನೊಳಗೇ ಸ್ಟ್ರಿಂಗ್ ಆಗಿ ಬರೆದೆ. ಆಗ ಪ್ಯಾಚ್ ಇಲ್ಲದೆ ಫೇಲ್, ಪ್ಯಾಚ್ ಇದ್ದರೆ ಪಾಸ್. ಒಂದು ಟೆಸ್ಟ್ ಫೇಲ್ ಆದದ್ದನ್ನು ನೋಡಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಅಲ್ಲಿಗೆ ಮುಗಿಯಲಿಲ್ಲ. "ಖಾಲಿ ಫೈಲ್ ಕೊಟ್ಟರೆ ಏನಾಗುತ್ತೆ?" ಅಂತ ಇನ್ನೊಂದು ಪ್ರಶ್ನೆ ಬಂತು. ಖಾಲಿ ಫೈಲ್ ಕೊಟ್ಟರೆ ನನ್ನ ಎರಡು ಸಾಲು ಇಲ್ಲದ ಒಂದು ಸಾಲನ್ನು ಹುಟ್ಟಿಸಿ ಕೊಡುತ್ತಿತ್ತು. ಹಳೇ ಬಗ್ ಇದ್ದದ್ದನ್ನು ನುಂಗುತ್ತಿತ್ತು, ನನ್ನದು ಇಲ್ಲದ್ದನ್ನು ಕಕ್ಕುತ್ತಿತ್ತು. ಅದನ್ನೂ ಸರಿಮಾಡಿ, ಅದಕ್ಕೂ ಟೆಸ್ಟ್ ಬರೆದು, ಕೊನೆಗೂ ಮರ್ಜ್ ಆಯಿತು.

ಆ ಮೇಂಟೇನರ್ ಅಷ್ಟು ಕೊಸರಿದ್ದು ಯಾಕೆ ಅಂತ ನನಗೆ ಅರ್ಥವಾದದ್ದು ಎಷ್ಟೋ ವರ್ಷ ಬಿಟ್ಟು. ಆ ಪ್ರಾಜೆಕ್ಟ್ ಕಡೆ ನಾನು ಮತ್ತೆ ತಲೆ ಹಾಕಿಲ್ಲ. ನನ್ನ ಕೆಲಸ ಆಯಿತು, ಹೋದೆ. ಆದರೆ ನನ್ನ ಆ ಸಾಲುಗಳು ಇವತ್ತಿಗೂ ಅಲ್ಲೇ ಇವೆ. ನಡುವೆ ಯಾರೋ ಆ ಇಡೀ ಲೂಪನ್ನೇ ತಿರುಗಿಸಿ ಬರೆದಿದ್ದಾರೆ, ಬರೆಯುವಾಗ ನನ್ನ ಟೆಸ್ಟ್ ಫೇಲ್ ಆಗಿರಬೇಕು, ಸರಿಮಾಡಿಕೊಂಡಿದ್ದಾರೆ. ನನ್ನನ್ನು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ. ಪ್ಯಾಚ್ ಕಳಿಸುವವರಿಗೆ ಇವತ್ತಿನ ತೊಂದರೆ ತೀರಿದರೆ ಸಾಕು. ತೆಗೆದುಕೊಳ್ಳುವವರು ಅದನ್ನು ಮುಂದಿನ ಹತ್ತು ವರ್ಷ ಸಾಕಬೇಕು. ರಿವ್ಯೂನಲ್ಲಿ, ಅಂದರೆ ಕೋಡ್ ಒಳಗೆ ಬಿಡುವ ಮೊದಲಿನ ಪರಿಶೀಲನೆಯಲ್ಲಿ, ನಡೆಯುವ ಮುಕ್ಕಾಲು ಜಗಳ ಈ ವ್ಯತ್ಯಾಸದ್ದೇ, ಕೋಡ್‌ನದ್ದಲ್ಲ.

ಒಂದೊಂದು ಪ್ರಾಜೆಕ್ಟ್ ಕೋಡ್ ಒಳಗೆ ಬರುವ ಈ ಬಾಗಿಲನ್ನು ಒಂದೊಂದು ರೀತಿ ಕಾಯುತ್ತದೆ. ಲಿನಕ್ಸ್ ಕರ್ನಲ್‌ಗೆ (ಆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಇವತ್ತಿಗೂ ಪ್ಯಾಚ್ ಹೋಗುವುದು ಇಮೇಲ್‌ನಲ್ಲಿ. ಬಟನ್ ಇಲ್ಲ, ಅಟ್ಯಾಚ್‌ಮೆಂಟ್ ಕೂಡ ಬೇಡ ಅನ್ನುತ್ತಾರೆ. ಬದಲಾವಣೆ ಇಮೇಲ್‌ನ ಮೈಯಲ್ಲೇ ಇರಬೇಕು, ಓದಿದವರು ಸಾಲಿನ ಕೆಳಗೇ ಉತ್ತರ ಬರೆಯಲು ಆಗಬೇಕು. ಯಾರಿಗೆ ಕಳಿಸಬೇಕು ಅನ್ನುವುದಕ್ಕೆ ಮೇಂಟೇನರ್ಸ್ ಅನ್ನುವ ಒಂದು ದೊಡ್ಡ ಫೈಲ್ ಇದೆ, ಅದರಿಂದ ಹೆಸರು ಹೆಕ್ಕಿಕೊಡಲು ಒಂದು ಸ್ಕ್ರಿಪ್ಟ್ ಇದೆ. ಟೀಕೆ ಬಂದರೆ ತಿದ್ದಿ ವಿ2 ಅಂತ ಕಳಿಸಬೇಕು, ಆಮೇಲೆ ವಿ3. ವಿ10 ದಾಟಿದವೂ ಇವೆ. ನೀವು ಯಾವತ್ತೂ ಕೈಯಲ್ಲಿ ಹಿಡಿಯದ ಯಾವುದೋ ಪ್ರೊಸೆಸರ್‌ನಲ್ಲಿ ನಿಮ್ಮ ಕೋಡ್ ಬಿಲ್ಡ್ ಆಗುತ್ತಿಲ್ಲ (ಓಡಿಸಬಹುದಾದ ಪ್ರೋಗ್ರಾಂ ಆಗಿ ತಯಾರಾಗುತ್ತಿಲ್ಲ) ಅಂತ ಇಂಟೆಲ್ ನಡೆಸುವ ಟೆಸ್ಟ್ ರೋಬಾಟ್ ಮೇಲ್ ಹಾಕುತ್ತದೆ.

ಕರ್ನಲ್ ಪ್ಯಾಚ್‌ಗಳ ಕೊನೆಯಲ್ಲಿರುವ ಹೆಸರಿನ ಸಾಲುಗಳನ್ನು ಓದುವುದು ನನಗೆ ಒಂಥರಾ ಚಟ. ಸೈನ್ಡ್ ಆಫ್ ಬೈ ಅಂದರೆ ಈ ಕೋಡ್ ಕೊಡುವ ಹಕ್ಕು ನನಗಿದೆ ಅಂತ ಸಹಿ. ಇದು ಶುರುವಾದದ್ದು 2004ರಲ್ಲಿ, ಕರ್ನಲ್‌ನಲ್ಲಿರುವ ಕೋಡ್ ಯಾರದ್ದು ಅಂತ ಕೋರ್ಟ್ ಗಲಾಟೆ ನಡೆಯುತ್ತಿದ್ದ ಕಾಲದಲ್ಲಿ. ರಿವ್ಯೂಡ್ ಬೈ ಅಂದರೆ ನಾನು ಓದಿದ್ದೇನೆ. ಟೆಸ್ಟೆಡ್ ಬೈ ಅಂದರೆ ನನ್ನ ಮಷೀನ್‌ನಲ್ಲಿ ಓಡಿಸಿ ನೋಡಿದ್ದೇನೆ. ಮೂರೂ ಬೇರೆ ಬೇರೆ ಕೆಲಸ. ಓದಿದವರು ಓಡಿಸಿರಬೇಕಿಲ್ಲ, ಓಡಿಸಿದವರಿಗೆ ಕೋಡ್ ಅರ್ಥವಾಗಿರಬೇಕಿಲ್ಲ. ನಾಳೆ ಏನಾದರೂ ಒಡೆದರೆ ಯಾರನ್ನು ಯಾವ ಪ್ರಶ್ನೆ ಕೇಳಬೇಕು ಅನ್ನುವುದು ಅಲ್ಲೇ ಬರೆದಿರುತ್ತದೆ. ನಾವು ಎಲ್ಲದಕ್ಕೂ ಒಂದೇ "ಎಲ್‌ಜಿಟಿಎಂ" (ನನಗೆ ಸರಿ ಕಾಣುತ್ತೆ) ಹಾಕಿ ಕೈ ತೊಳೆದುಕೊಳ್ಳುತ್ತೇವಲ್ಲ, ಅದಕ್ಕಿಂತ ಎಷ್ಟೋ ಪ್ರಾಮಾಣಿಕ.

ಪೋಸ್ಟ್‌ಗ್ರೆಸ್ ಕ್ಯೂಎಲ್ ಅನ್ನುವ ಡೇಟಾಬೇಸ್‌ನವರದ್ದು ಇನ್ನೊಂದು ರೀತಿ. ಕಮಿಟ್‌ಫೆಸ್ಟ್ ಅಂತ ಮಾಡುತ್ತಾರೆ. ವರ್ಷದಲ್ಲಿ ಕೆಲವು ತಿಂಗಳು ಹೊಸ ಕೋಡ್ ಬರೆಯುವುದನ್ನು ಬದಿಗಿಟ್ಟು, ಬಂದು ಬಿದ್ದಿರುವ ಪ್ಯಾಚ್‌ಗಳನ್ನು ನೋಡುವ ಕೆಲಸ. ಪ್ಯಾಚ್ ಕೊಟ್ಟವರು ಬೇರೆಯವರ ಒಂದು ಪ್ಯಾಚನ್ನಾದರೂ ರಿವ್ಯೂ ಮಾಡಲಿ ಅನ್ನುವುದು ಅಲ್ಲಿನ ನಿರೀಕ್ಷೆ. ನ್ಯಾಯವಾದ ಮಾತು. ಬೇರೆಯವರ ಸಮಯ ತಗೊಂಡರೆ ನಿಮ್ಮದೂ ಸ್ವಲ್ಪ ಕೊಡಿ. ಕೋಡ್ ಒಳಗೆ ಹೋದ ಮೇಲೆ ಬಿಲ್ಡ್ ಫಾರ್ಮ್ ಅನ್ನುವ ಮಷೀನ್‌ಗಳ ಗುಂಪು ಅದನ್ನು ನಾನಾ ಆಪರೇಟಿಂಗ್ ಸಿಸ್ಟಂಗಳಲ್ಲಿ ಓಡಿಸುತ್ತದೆ. ಫಾರ್ಮ್ ಅಂದಮೇಲೆ ಅಲ್ಲಿನ ಮಷೀನ್‌ಗಳಿಗೆಲ್ಲ ಪ್ರಾಣಿಗಳ ಹೆಸರು.

ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಇನ್ನೂ ವಿಚಿತ್ರ. ಕೋಡ್ ಎಲ್ಲರಿಗೂ ಬಿಟ್ಟಿ, ಏನು ಬೇಕಾದರೂ ಮಾಡಿಕೊಳ್ಳಿ. ಹೊರಗಿನವರ ಪ್ಯಾಚ್ ಮಾತ್ರ ಸಾಮಾನ್ಯವಾಗಿ ಬೇಡ. ಕೆಲವೇ ಜನ ಬರೆಯುತ್ತಾರೆ, ಅವರೇ ನೋಡಿಕೊಳ್ಳುತ್ತಾರೆ. ಆದರೆ ಅವರ ಟೆಸ್ಟ್ ಕೋಡ್ ಮೂಲ ಕೋಡ್‌ಗಿಂತ ಸುಮಾರು 590 ಪಟ್ಟು ದೊಡ್ಡದು. ಐನೂರ ತೊಂಬತ್ತು! ಮೊದಲ ಸಲ ಓದಿದಾಗ ಸೊನ್ನೆ ಜಾಸ್ತಿ ಬಿದ್ದಿದೆ ಅಂದುಕೊಂಡಿದ್ದೆ.

ಟೆಸ್ಟ್ ವಿಷಯಕ್ಕೆ ಬಂದರೆ, ಹಸಿರು ಟಿಕ್ ಬಗ್ಗೆ ನನಗಿದ್ದ ಭ್ರಮೆ ಇಳಿದದ್ದು ಎರಡು ಹಂತದಲ್ಲಿ. ಮೊದಲನೆಯದು ಮೇಲೆ ಹೇಳಿದ್ದು. ಎರಡನೆಯದು ನಾನೇ ಒಂದು ಸಣ್ಣ ಲೈಬ್ರರಿ ನೋಡಿಕೊಳ್ಳಲು ಶುರು ಮಾಡಿದ ಮೇಲೆ. ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದಿಟ್ಟ ಮಾಹಿತಿ ಓದುವ ಲೈಬ್ರರಿ ಅದು. ಒಂದು ದಿನ ಎರಡು ಪುಲ್ ರಿಕ್ವೆಸ್ಟ್ ಇದ್ದವು. ಒಬ್ಬರು ಒಂದು ಫಂಕ್ಷನ್‌ನ ಹೆಸರು ಬದಲಾಯಿಸಿದ್ದರು, ಅದನ್ನು ಕರೆಯುವ ಎಲ್ಲ ಕಡೆಯೂ ತಿದ್ದಿದ್ದರು. ಇನ್ನೊಬ್ಬರು ಹೊಸ ಕ್ಯಾಮೆರಾ ಒಂದಕ್ಕೆ ಹೊಸ ಫೈಲ್ ಬರೆದಿದ್ದರು, ಅದರಲ್ಲಿ ಹಳೇ ಹೆಸರಿನಿಂದಲೇ ಆ ಫಂಕ್ಷನ್ ಕರೆದಿದ್ದರು. ಎರಡಕ್ಕೂ ಹಸಿರು. ಬೇರೆ ಬೇರೆ ಫೈಲ್ ಆದ್ದರಿಂದ ಬದಲಾವಣೆಗಳನ್ನು ದಾಖಲಿಸಿ ಸೇರಿಸುವ ಗಿಟ್ ಕೂಡ ತಕರಾರು ಮಾಡಲಿಲ್ಲ. ಎರಡನ್ನೂ ಒಂದರ ಹಿಂದೆ ಒಂದು ಮರ್ಜ್ ಮಾಡಿ ಮಲಗಿದೆ. ಬೆಳಿಗ್ಗೆ ಎದ್ದರೆ ಮೇನ್ ಬ್ರಾಂಚ್ (ಎಲ್ಲರೂ ಬಳಸುವ ಮುಖ್ಯ ಕೋಡ್) ಒಡೆದಿದೆ, ಆರು ಜನ ದೂರು ಹಾಕಿದ್ದಾರೆ. ಇಬ್ಬರದ್ದೂ ತಪ್ಪಿಲ್ಲ. ಅವರ ಟೆಸ್ಟ್ ಓಡಿದ್ದು ಅವರವರ ಬ್ರಾಂಚ್ (ಅವರು ಕೆಲಸ ಮಾಡುವ ಪ್ರತಿ) ಹುಟ್ಟಿದ ದಿನದ ಕೋಡ್ ಮೇಲೆ. ಎರಡೂ ಸೇರಿದ ಮೇಲಿನ ಕೋಡ್ ಯಾವ ಮಷೀನ್‌ನಲ್ಲೂ ಒಮ್ಮೆಯೂ ಓಡಿರಲಿಲ್ಲ.

ದೊಡ್ಡ ಪ್ರಾಜೆಕ್ಟ್‌ಗಳು ಇದಕ್ಕೆ ಎಂದೋ ದಾರಿ ಕಂಡುಕೊಂಡಿವೆ. ರಸ್ಟ್ ಭಾಷೆಯ ಪ್ರಾಜೆಕ್ಟ್‌ನಲ್ಲಿ ರಿವ್ಯೂ ಮಾಡಿದವರು ತಾವೇ ಮರ್ಜ್ ಮಾಡುವುದಿಲ್ಲ. "ಆರ್ ಪ್ಲಸ್" ಅಂತ ಬರೆದರೆ ಬೋರ್ಸ್ ಅನ್ನುವ ಬಾಟ್ ಆ ಪ್ಯಾಚನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಅದರ ಸರದಿ ಬಂದಾಗ ಆ ಹೊತ್ತಿನ ಮೇನ್ ಬ್ರಾಂಚ್ ಜೊತೆ ಸೇರಿಸಿ, ಸೇರಿದ ಕೋಡ್ ಮೇಲೆ ಟೆಸ್ಟ್ ಓಡಿಸಿ, ಪಾಸಾದರೆ ಮಾತ್ರ ಒಳಗೆ ಬಿಡುತ್ತದೆ. ಇಷ್ಟೇ. ಆ ಭಾಷೆ ಶುರು ಮಾಡಿದ ಗ್ರೇಡನ್ ಹೋರ್ ಇದನ್ನು "ರಾಕೆಟ್ ಸೈನ್ಸ್ ಏನಲ್ಲ" ಅನ್ನುವ ನಿಯಮ ಅಂತಲೇ ಕರೆದಿದ್ದರು. ಕೋಡನ್ನು ಪ್ರೋಗ್ರಾಂ ಆಗಿಸುವ ಕಂಪೈಲರ್‌ನಲ್ಲಿ ಏನಾದರೂ ಅಪಾಯದ ಬದಲಾವಣೆ ಇದ್ದರೆ ಕ್ರೇಟರ್ ಅನ್ನುವ ಇನ್ನೊಂದು ಸಾಧನ ಇದೆ. ಜನ ಪ್ರಕಟಿಸಿರುವ ರಸ್ಟ್ ಲೈಬ್ರರಿಗಳನ್ನೆಲ್ಲ ಎಳೆದು ತಂದು ಹೊಸ ಕಂಪೈಲರ್‌ನಲ್ಲಿ ಬಿಲ್ಡ್ ಮಾಡಿ, ಯಾರ ಕೋಡ್ ಒಡೆಯಿತು ಅಂತ ಪಟ್ಟಿ ಕೊಡುತ್ತದೆ. ದಿನಗಟ್ಟಲೆ ಓಡುತ್ತದೆ. ನನ್ನ ಟೆಸ್ಟ್‌ಗಳು ನಾಲ್ಕು ನಿಮಿಷ ತಗೊಂಡರೆ ನಾನು ಗೊಣಗುತ್ತೇನೆ.

ಇನ್ನು, ಒಮ್ಮೆ ಪಾಸ್ ಒಮ್ಮೆ ಫೇಲ್ ಆಗುವ ಟೆಸ್ಟ್‌ಗಳ ಬಗ್ಗೆ ಮಾತಾಡದಿದ್ದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಎಲ್ಲರ ಹತ್ತಿರವೂ ಇರುತ್ತವೆ. ಕೆಂಪು ಬಂತಾ, ರೀ-ರನ್ ಒತ್ತು, ಹಸಿರಾಗುತ್ತೆ. ಎರಡು ತಿಂಗಳು ಹೀಗೇ ಒತ್ತಿ ಒತ್ತಿ ಬೆರಳಿಗೆ ಅಭ್ಯಾಸವಾಗಿಬಿಡುತ್ತದೆ, ಆಮೇಲೆ ನಿಜವಾದ ಬಗ್ ಕೆಂಪು ತೋರಿಸಿದಾಗಲೂ ಸುಮ್ನೆ ರೀ-ರನ್ ಒತ್ತುತ್ತೇವೆ. ನಾನು ಒತ್ತಿದ್ದೇನೆ. ಈಗ ಅಂಥ ಟೆಸ್ಟ್ ಕಂಡರೆ ಅವತ್ತೇ ಸರಿಮಾಡುತ್ತೇನೆ, ಆಗದಿದ್ದರೆ ಕಿತ್ತು ಹಾಕುತ್ತೇನೆ. ನಂಬಲಾಗದ ಟೆಸ್ಟ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಹಸಿರು ಟಿಕ್ ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಇದಕ್ಕೆ ನನಗೆ ಗೊತ್ತಿರುವ ಅತಿ ಕೆಟ್ಟ ಉದಾಹರಣೆ ಡೆಬಿಯನ್ ಅನ್ನುವ ಲಿನಕ್ಸ್ ವಿತರಣೆಯದು. 2006ರಲ್ಲಿ, ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿಡಲು ಬಳಸುವ ಓಪನ್ ಎಸ್‌ಎಸ್‌ಎಲ್ ಲೈಬ್ರರಿಯ ಡೆಬಿಯನ್ ಆವೃತ್ತಿಯಲ್ಲಿ, ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರಿಂಡ್ ಒಂದು ಕಡೆ ತಕರಾರು ಎತ್ತುತ್ತಿದೆ ಅಂತ ಕೆಲವು ಸಾಲು ತೆಗೆದರು. ಕದ್ದುಮುಚ್ಚಿ ಅಲ್ಲ, ತೆಗೆಯಬಹುದಾ ಅಂತ ಮೊದಲೇ ಕೇಳಿದ್ದರು. ವಾಲ್‌ಗ್ರಿಂಡ್ ಸುಮ್ಮನಾಯಿತು. ಗುಟ್ಟಿನ ಕೀಗಳು ತಯಾರಾಗುತ್ತಿದ್ದವು, ಲಾಗಿನ್ ಆಗುತ್ತಿತ್ತು, ಎಲ್ಲ ನಡೆಯುತ್ತಿತ್ತು. ಆದರೆ ತೆಗೆದ ಸಾಲಿನ ಜೊತೆಗೇ ಕೀ ಊಹಿಸಲಾಗದಂತೆ ಮಾಡುವ ಯಾದೃಚ್ಛಿಕತೆಯೂ ಹೋಗಿತ್ತು. ಉಳಿದದ್ದು ಓಡುವ ಪ್ರೋಗ್ರಾಂಗೆ ಸಿಸ್ಟಂ ಕೊಡುವ ಪ್ರೊಸೆಸ್ ನಂಬರ್ ಒಂದೇ. ಅಂದರೆ ಒಂದು ಬಗೆಯ ಮಷೀನ್‌ನಲ್ಲಿ, ಒಂದು ಬಗೆಯ ಕೀಗೆ, ಸುಮಾರು 32 ಸಾವಿರ ಸಾಧ್ಯತೆಗಳು ಮಾತ್ರ. ಕೂತು ಒಂದೊಂದಾಗಿ ಹಾಕಿ ನೋಡಬಹುದು. ಇದು ಹೊರಬಿದ್ದದ್ದು 2008ರ ಮೇನಲ್ಲಿ. ಕೀ ತಯಾರಾಗುತ್ತದಾ ಅನ್ನುವ ಟೆಸ್ಟ್ ಬರೆದರೆ ಆ ಎರಡು ವರ್ಷವೂ ಹಸಿರೇ ಇರುತ್ತಿತ್ತು.

ಕೇಳದೆ ಉಳಿದ ಪ್ರಶ್ನೆಯನ್ನು ಕೇಳುವುದಕ್ಕೇ ಮನುಷ್ಯರು ಬೇಕು. ಆದರೆ ಮನುಷ್ಯರೂ ಸುಸ್ತಾಗುತ್ತಾರೆ, ಅಲ್ವಾ. ಹತ್ತು ಸಾಲಿನ ಪ್ಯಾಚ್‌ಗೆ ಇಪ್ಪತ್ತು ಕಾಮೆಂಟ್, ಸಾವಿರ ಸಾಲಿನದಕ್ಕೆ "ಚೆನ್ನಾಗಿದೆ" ಅನ್ನುವ ಹಳೇ ಜೋಕ್ ಜೋಕೇ ಅಲ್ಲ. ಅರ್ಥವಾಗುವ ಕಡೆ ಎಲ್ಲರೂ ಮೂಗು ತೂರಿಸುತ್ತಾರೆ. ಅಣು ಸ್ಥಾವರದ ನಕ್ಷೆಯನ್ನು ಎರಡೂವರೆ ನಿಮಿಷದಲ್ಲಿ ಒಪ್ಪಿ, ಸೈಕಲ್ ಶೆಡ್ ಹೇಗಿರಬೇಕು ಅಂತ ಮುಕ್ಕಾಲು ಗಂಟೆ ಚರ್ಚಿಸುವ ಸಮಿತಿಯ ಕಥೆಯನ್ನು ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1957ರಲ್ಲೇ ಬರೆದಿದ್ದರು. 1999ರಲ್ಲಿ ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂನ ಪೌಲ್-ಹೆನಿಂಗ್ ಕಾಂಪ್ ಅದನ್ನು ನೆನಪಿಸಿದ ಮೇಲೆ "ಬೈಕ್‌ಶೆಡ್" ಅನ್ನುವುದು ನಮ್ಮ ಕ್ಷೇತ್ರದ ಬೈಗುಳವೇ ಆಗಿಹೋಯಿತು. ನಾನೂ ಒಮ್ಮೆ 900 ಸಾಲಿನ ಪುಲ್ ರಿಕ್ವೆಸ್ಟ್ ಒಂದನ್ನು ಮೇಲೆ ಮೇಲೆ ಕಣ್ಣಾಡಿಸಿ ಒಪ್ಪಿದೆ. ಎರಡು ವೇರಿಯಬಲ್ ಹೆಸರು ಬದಲಾಯಿಸಿ ಅಂದೆ, ಬದಲಾಯಿಸಿದರು, ಮರ್ಜ್. ಕಳಿಸಿದವರು ಆಮೇಲೆ ಪತ್ತೆ ಇಲ್ಲ. ಆ ಕೋಡ್ ಈಗಲೂ ನನ್ನ ತಲೆ ಮೇಲೆ ಕೂತಿದೆ, ಮುಟ್ಟಲು ಭಯ, ತೆಗೆಯಲು ಜನ ಬಿಡುವುದಿಲ್ಲ.

ಅದೇ ಓಪನ್ ಎಸ್‌ಎಸ್‌ಎಲ್‌ಗೆ ಹಾರ್ಟ್‌ಬ್ಲೀಡ್ ಅನ್ನುವ ಬಗ್ ಒಳಗೆ ಬಂದದ್ದು 2011ರ ಡಿಸೆಂಬರ್ 31ರಂದು. ಬರೆದವರೊಬ್ಬರು, ನೋಡಿದವರೊಬ್ಬರು. ಆಚೆಯವರು "ಇಷ್ಟು ಬೈಟ್ ಕಳಿಸಿದ್ದೇನೆ" ಅಂದರೆ ನಿಜವಾಗಿ ಅಷ್ಟು ಕಳಿಸಿದ್ದಾರಾ ಅಂತ ಕೋಡ್ ಎಣಿಸಿ ನೋಡುತ್ತಿರಲಿಲ್ಲ. ಹಾಗಾಗಿ ಒಂದೇ ಬೈಟ್ ಕಳಿಸಿ, ಸರ್ವರ್‌ನ ಮೆಮೊರಿಯಿಂದ 64 ಕಿಲೋಬೈಟ್‌ವರೆಗೆ ವಾಪಸ್ ಪಡೆಯಬಹುದಿತ್ತು. ಗೊತ್ತಾದದ್ದು 2014ರ ಏಪ್ರಿಲ್‌ನಲ್ಲಿ. ಎಲ್ಲರೂ ನೋಡಬಹುದಾದ ಕೋಡ್ ಅದು. ಎಲ್ಲರೂ ನೋಡಬಹುದು ಅಂದಾಗ ಬೇರೆ ಯಾರೋ ನೋಡಿರುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. "ಖಾಲಿ ಫೈಲ್ ಕೊಟ್ಟರೆ?" ಅಂತ ನನ್ನನ್ನು ಕೇಳಿದವರ ಥರದವರು ಅವತ್ತು ರಾತ್ರಿ ಆ ಡಿಫ್ (ಯಾವ ಸಾಲು ಬದಲಾಗಿದೆ ಅಂತ ತೋರಿಸುವ ಪಟ್ಟಿ) ಮುಂದೆ ಕೂತಿದ್ದರೆ ಏನಾಗುತ್ತಿತ್ತೋ.

ಇವೆಲ್ಲ ಕೈತಪ್ಪಿನಿಂದ ಆದದ್ದು. ಎಕ್ಸ್‌ಜೆಡ್ ವಿಷಯ ಹಾಗಲ್ಲ.

2024ರ ಮಾರ್ಚ್ 29ರಂದು ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಬಯಲು ಮಾಡಿದರು. ದೂರದ ಕಂಪ್ಯೂಟರ್‌ಗೆ ಹೋಗಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಬೆನ್ನು ಹತ್ತಿದವರು ಹೋಗಿ ಮುಟ್ಟಿದ್ದು ಎಕ್ಸ್‌ಜೆಡ್ ಅನ್ನುವ ಕಂಪ್ರೆಷನ್ (ಫೈಲ್ ಕುಗ್ಗಿಸುವ) ಲೈಬ್ರರಿಗೆ. ಜಿಯಾ ಟಾನ್ ಅನ್ನುವ ಹೆಸರಿನಲ್ಲಿ ಬಂದಿದ್ದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್‌ಗಳನ್ನೇ ಕಳಿಸಿ, ಸುಸ್ತಾಗಿದ್ದ ಒಬ್ಬಂಟಿ ಮೇಂಟೇನರ್‌ಗೆ ಸಹಾಯ ಮಾಡಿ, ಕೊನೆಗೆ ತಾವೇ ಮೇಂಟೇನರ್ ಆಗಿ, ಆಮೇಲೆ ಹಿಂಬಾಗಿಲು ಕೊರೆದಿದ್ದರು. ಕೊರೆದದ್ದು ಎಲ್ಲಿ? ಟೆಸ್ಟ್ ಫೈಲ್‌ಗಳಲ್ಲಿ. ಕಂಪ್ರೆಷನ್ ಲೈಬ್ರರಿ ಅಂದಮೇಲೆ ಕೆಟ್ಟ ಫೈಲ್ ಕೊಟ್ಟು ಪರೀಕ್ಷಿಸಲೇಬೇಕು. ಬೇಕಂತಲೇ ಹಾಳು ಮಾಡಿದ ಬೈನರಿ ಫೈಲ್‌ಗಳು ಅಲ್ಲಿ ಇರುವುದು ಸಹಜ. ಅಂಥ ಫೈಲನ್ನು ಯಾರು ಓದುತ್ತಾರೆ, ಓದಿದರೆ ತಾನೇ ಏನು ಕಾಣುತ್ತದೆ? ಅವನ್ನು ಜೋಡಿಸಿ ಎಬ್ಬಿಸುವ ಸ್ಕ್ರಿಪ್ಟ್ ಗಿಟ್‌ನಲ್ಲಿ ಇರಲೇ ಇಲ್ಲ, ಬಿಡುಗಡೆಯ ಟಾರ್‌ಬಾಲ್ ಅನ್ನುವ ಫೈಲ್‌ಗಳ ಗಂಟಿನಲ್ಲಿ ಮಾತ್ರ ಇತ್ತು. ಗಿಟ್ ನೋಡುತ್ತಾ ಕೂತವರಿಗೆ ಸಿಗುವ ಹಾಗೇ ಇರಲಿಲ್ಲ.

ಆ ಪ್ರಕರಣದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಇದಲ್ಲ, ಒಂದು ಚುಕ್ಕೆ. ಅದೇ ಫೆಬ್ರವರಿಯ ಒಂದು ಕಮಿಟ್, ಅಂದರೆ ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ. ಬಿಲ್ಡ್ ಮಾಡುವಾಗ ಸಿಸ್ಟಂನಲ್ಲಿ ಲ್ಯಾಂಡ್‌ಲಾಕ್ ಅನ್ನುವ ಭದ್ರತೆಯ ಸೌಲಭ್ಯ ಇದೆಯಾ ಅಂತ ನೋಡಲು ಪುಟ್ಟ ಸಿ ಪ್ರೋಗ್ರಾಂ ಒಂದನ್ನು ಕಂಪೈಲ್ ಮಾಡಿ ನೋಡುತ್ತಾರೆ. ಆಯಿತಾ, ಸೌಲಭ್ಯ ಇದೆ. ಆಗಲಿಲ್ಲವಾ, ಇಲ್ಲ ಅಂತ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಆ ಪುಟ್ಟ ಪ್ರೋಗ್ರಾಂನ ನಡುವೆ, ಇನ್‌ಕ್ಲೂಡ್ ಸಾಲುಗಳು ಮುಗಿದು ಫಂಕ್ಷನ್ ಶುರುವಾಗುವ ಜಾಗದಲ್ಲಿ, ಒಂದು ಸಾಲಿನಲ್ಲಿ ಒಂಟಿ ಚುಕ್ಕೆ. ಅಷ್ಟೇ. ಚುಕ್ಕೆ ಇದ್ದರೆ ಸಿ ಕಂಪೈಲ್ ಆಗುವುದಿಲ್ಲ. ಹಾಗಾಗಿ ಯಾವ ಸಿಸ್ಟಂನಲ್ಲೂ ಸೌಲಭ್ಯ "ಇಲ್ಲ". ಎರರ್ ಬರುವುದಿಲ್ಲ, ಯಾವ ಟೆಸ್ಟೂ ಕೆಂಪಾಗುವುದಿಲ್ಲ, ಭದ್ರತೆ ಮಾತ್ರ ಸದ್ದಿಲ್ಲದೆ ಆರಿಹೋಗುತ್ತದೆ. ಆ ಡಿಫ್ ಇಂಟರ್ನೆಟ್‌ನಲ್ಲಿ ಓಡಾಡುತ್ತಿದ್ದಾಗ ಚುಕ್ಕೆ ಇದೆ ಅಂತ ಗೊತ್ತಿದ್ದೂ ಹುಡುಕಲು ನನಗೆ ಒಂದು ನಿಮಿಷ ಬೇಕಾಯಿತು. ಸ್ಕ್ರೀನ್ ಮೇಲೆ ಧೂಳು ಅಂದುಕೊಂಡು ಒರೆಸಲೂ ಹೋದೆ.

ಇದಾದ ಮೇಲೆ ಪುಲ್ ರಿಕ್ವೆಸ್ಟ್ ನೋಡುವ ನನ್ನ ಕ್ರಮ ಬದಲಾಗಿದೆ. ಮೊದಲು ಕೋಡ್ ನೋಡುತ್ತಿದ್ದೆ, ಟೆಸ್ಟ್ ಇದೆಯಾ ಅಂತ ಮಾತ್ರ ನೋಡಿ ಮುಂದೆ ಹೋಗುತ್ತಿದ್ದೆ. ಈಗ ಟೆಸ್ಟ್‌ನಿಂದ ಶುರು. ಪ್ಯಾಚ್ ತೆಗೆದು ಓಡಿಸುತ್ತೇನೆ, ಕೆಂಪು ಕಂಡ ಮೇಲೆ ಕೋಡ್ ಕಡೆ. ಬಿಲ್ಡ್ ಫೈಲ್ ಮುಟ್ಟಿದ್ದರೆ ಅದನ್ನು ಸಾಲು ಸಾಲಾಗಿ. ಇದರಿಂದ ನನ್ನ ವೇಗ ಕಮ್ಮಿಯಾಗಿದೆ, ಕಾಯುವವರಿಗೆ ಬೇಜಾರಾಗಿದೆ. ಆಗಲಿ.

ಬೇಜಾರಾಗುವುದೆಲ್ಲ ಬರಿ ಕಾಯುವುದರಿಂದ ಅಲ್ಲ ಅನ್ನುವುದೂ ಗೊತ್ತು. ಮೊನ್ನೆ ಹೊಸಬರೊಬ್ಬರು ಒಂದು ಪುಲ್ ರಿಕ್ವೆಸ್ಟ್ ಕಳಿಸಿದ್ದಾರೆ. ಬಹುಶಃ ಅವರ ಮೊದಲನೆಯದು. ಹಾಳಾದ ಫೋಟೋ ಫೈಲ್ ಕೊಟ್ಟಾಗ ನನ್ನ ಲೈಬ್ರರಿ ಕುಸಿದು ಬೀಳುವುದನ್ನು ಸರಿಮಾಡಿದ್ದಾರೆ. ಐದು ಸಾಲು, ಅಚ್ಚುಕಟ್ಟಾದ ವಿವರಣೆ. ಪ್ಯಾಚ್ ತೆಗೆದು ಓಡಿಸಿದೆ, ಟೆಸ್ಟ್ ಫೇಲ್ ಆಗುತ್ತದೆ, ಹಾಕಿದರೆ ಪಾಸ್. ನಾನು ಅವತ್ತು ಮಾಡಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಮಾಡಿದ್ದಾರೆ. ಜೊತೆಗೆ ಟೆಸ್ಟ್‌ಗೆ ಅಂತ ಹಾಳಾದ ಒಂದು ಫೋಟೋ ಫೈಲ್ ಇದೆ, 38 ಕಿಲೋಬೈಟ್, ಬೈನರಿ.

"ಈ ಫೈಲ್ ಎಲ್ಲಿಂದ ಬಂತು?" ಅಂತ ಬರೆದು ಅಳಿಸಿದೆ, ಪೊಲೀಸರು ಕೇಳಿದ ಹಾಗಿತ್ತು. "ದಯವಿಟ್ಟು ತಪ್ಪು ತಿಳಿಯಬೇಡಿ, ಆದರೆ" ಅಂತ ಶುರು ಮಾಡಿ ಅದನ್ನೂ ಅಳಿಸಿದೆ. ಕೊನೆಗೆ ಹೀಗೆ ಬರೆದು ಕಳಿಸಿದೆ: "ಪ್ಯಾಚ್ ಚೆನ್ನಾಗಿದೆ, ತೆಗೆದು ಓಡಿಸಿಯೂ ನೋಡಿದೆ. ಒಂದೇ ವಿನಂತಿ. ಫೋಟೋ ಫೈಲ್ ಬದಲು ಅದನ್ನು ತಯಾರಿಸುವ ನಾಲ್ಕು ಸಾಲು ಕೋಡ್ ಟೆಸ್ಟ್‌ನೊಳಗೇ ಬರೆಯೋಕಾಗುತ್ತಾ? ನಾನೂ ಒಮ್ಮೆ ಟೆಸ್ಟ್ ಫೈಲ್ ನಂಬಿ ಮೋಸಹೋಗಿದ್ದೇನೆ, ನನ್ನ ಎಡಿಟರ್‌ನಿಂದಲೇ."